ಮುಚ್ಚುವ ಮುಂಚೆ ಒಳಗೆ ನೋಡಿ

ಕೆಲವರ ಕೈಗುಣ ಚೆನ್ನಾಗಿರುತ್ತದೆ. ನೆಟ್ಟ ಕಡ್ಡಿ ಚಿಗುರುತ್ತದೆ, ಹಣೆ ಮುಟ್ಟಿದರೆ ಜ್ವರ ಇಳಿಯುತ್ತದೆ. ನಾನು ಹೇಳಹೊರಟ ಟಿಂಕರನ ಕೈಗುಣ ಬೇರೆಯ ಥರದ್ದು. ಅವನು ಬರಿಗೈಯಲ್ಲಿ ಮುಟ್ಟಿದ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಿತ್ತು.

ಇದು ಬಯ್ಗುಳವಲ್ಲ, ಇದ್ದ ಸಂಗತಿ. ಗಾಡಿಗಳ ತಗಡು ಕೆಲಸ ಕಲಿಯಲು ಸೇರಿದ ಮೂರನೆಯ ದಿನ, ಉಜ್ಜಿ ಬೆಳ್ಳಗೆ ಮಾಡಿದ ತಗಡೊಂದನ್ನು ಗೋಡೆಗೆ ಒರಗಿಸಿ ಮನೆಗೆ ಹೋಗಿದ್ದ. ಮರುದಿನ ಬಂದು ನೋಡಿದರೆ ಅದರ ಮೇಲೆ ಐದು ಬೆರಳು, ಅರ್ಧ ಅಂಗೈ, ಕಂದು ಬಣ್ಣದಲ್ಲಿ ಅಚ್ಚೊತ್ತಿದಂತೆ ಮೂಡಿದ್ದವು. ಮೇಸ್ತ್ರಿ ಅವನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಏನೋ ಇದು, ಕೈಯೋ ಉಪ್ಪಿನ ಡಬ್ಬಿಯೋ?" ಎಂದ. ಕೆಲವರ ಬೆವರೇ ಹಾಗಂತೆ, ಅದಕ್ಕೆ ಔಷಧವಿಲ್ಲ. ಅವತ್ತಿನಿಂದ ಅವನ ಹೆಸರು ಉಪ್ಪುಗೈ ಎಂದಾಯಿತು. ಮೀಸೆ ನರೆತ ಮೇಲೆ ಸ್ವಲ್ಪ ಮರ್ಯಾದೆ ಸೇರಿ ಉಪ್ಪಣ್ಣನಾದ. ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು.

ಬೇರೆ ಮೇಸ್ತ್ರಿಯಾಗಿದ್ದರೆ ಅವನನ್ನು ಅವತ್ತೇ ಮನೆಗೆ ಅಟ್ಟುತ್ತಿದ್ದ. ಈ ಮುದುಕ ಒಂದು ಜೊತೆ ಕೈಗವಸು ತಂದುಕೊಟ್ಟ. "ಇದೇ ನಿನ್ನ ಚರ್ಮ ಅಂದ್ಕೋ" ಎಂದ. ಮೇಸ್ತ್ರಿಗೆ ಹೊರಗಿನ ತುಕ್ಕಿನ ಮೇಲೆ ಅಷ್ಟೇನೂ ಕೋಪವಿರಲಿಲ್ಲ. ಹೊರಗಿನದನ್ನು ಊರೇ ನೋಡುತ್ತದೆ, ಯಾರಾದರೂ ಕೆರೆಯುತ್ತಾರೆ. ಅವನ ಹಗೆ ಏನಿದ್ದರೂ ಎರಡು ತಗಡು ಕೂಡುವ ಸಂದಿನಲ್ಲಿ, ಬಾಗಿಲ ಕೆಳಗಿನ ಟೊಳ್ಳಿನಲ್ಲಿ ಸದ್ದಿಲ್ಲದೆ ಬೆಳೆಯುವ ತುಕ್ಕಿನ ಮೇಲೆ. ಹೊಸ ತಗಡು ಕೂರಿಸುವ ಮುಂಚೆ ಎರಡೂ ಮುಖಕ್ಕೆ ಸತುವಿನ ಪ್ರೈಮರ್ ಬಳಿಯಬೇಕು, ಬೆಸುಗೆಯಲ್ಲಿ ಸುಟ್ಟ ಕಡೆ ಮತ್ತೆ ಬಳಿಯಬೇಕು, ಟೊಳ್ಳಿನೊಳಗೆ ಮೇಣ ಹೊಡೆಯಬೇಕು, ಅಡಿಯ ತೂತುಗಳನ್ನು ತೆರೆದೇ ಬಿಡಬೇಕು. "ನೀರು ಬರದ ಹಾಗೆ ಮಾಡೋನು ಅರ್ಧ ಕಸುಬುದಾರ. ಬಂದ ನೀರು ಹೋಗೋ ಹಾಗೆ ಮಾಡೋನು ಪೂರ್ತಿ" ಎನ್ನುತ್ತಿದ್ದ. ಇನ್ನೊಂದು ಮಾತೂ ಇತ್ತು, ಅದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ: "ಮುಚ್ಚೋನು ಟಿಂಕರ್. ಮುಚ್ಚಿಡೋನು ಕಳ್ಳ."

ಮೇಸ್ತ್ರಿ ಹೋದ ಮೇಲೆ ಶೆಡ್ಡು ಉಪ್ಪಣ್ಣನದಾಯಿತು. ಮೀನುಪೇಟೆಯ ಹಿಂದಿನ ರಸ್ತೆ, ಒಂದು ಕಡೆ ಐಸ್ ಕಾರ್ಖಾನೆಯ ಗೋಡೆ, ಇನ್ನೊಂದು ಕಡೆ ಬಲೆಗಳ ಗೋದಾಮು. ಅಲ್ಲಿ ಓಡುವ ಪಿಕಪ್ಪುಗಳ ಮೈಯಿಂದ ಸದಾ ಉಪ್ಪುನೀರು ತೊಟ್ಟಿಕ್ಕುತ್ತದೆ. ಆದ್ದರಿಂದ ಅವಕ್ಕೆ ಮುಪ್ಪು ಬೇಗ, ಇವನಿಗೆ ಕೆಲಸ ತಪ್ಪಿದ್ದಲ್ಲ. ಅವನದೊಂದು ವಿಚಿತ್ರ ಪದ್ಧತಿ. ಕೊನೆಯ ತಗಡನ್ನು ಬೆಸೆಯುವ ಮುಂಚೆ ಗಾಡಿಯ ಯಜಮಾನನನ್ನು ಕರೆಸುತ್ತಿದ್ದ. ಟಾರ್ಚು ಕೈಗೆ ಕೊಟ್ಟು, "ಒಳಗೆ ನೋಡಿ. ಇನ್ಮೇಲೆ ನೋಡೋಕೆ ಸಿಗಲ್ಲ" ಎನ್ನುತ್ತಿದ್ದ. ಜನಕ್ಕೆ ರೇಗುತ್ತಿತ್ತು. "ಅಲ್ಲಯ್ಯಾ, ನಾನು ಮೀನು ಮಾರೋನು. ಇದರ ಹೊಟ್ಟೆ ಬಗೆದು ತೋರಿಸಿದ್ರೆ ನಂಗೇನು ಗೊತ್ತಾಗುತ್ತೆ?" ಎಂದು ಗೊಣಗುತ್ತಲೇ ಬಗ್ಗಿ ನೋಡುತ್ತಿದ್ದರು. ನೋಡಿದ ಮೇಲೆ "ಮುಚ್ಚು" ಎನ್ನುವ ಮಾತು ಅವರ ಬಾಯಿಂದಲೇ ಬರಬೇಕು. ಬರುವ ತನಕ ಇವನು ಬೆಸುಗೆಯ ಕೋಲು ಮುಟ್ಟುತ್ತಿರಲಿಲ್ಲ.

ಇಪ್ಪತ್ತೆಂಟು ವರ್ಷದಲ್ಲಿ ಅವನು ಈ ಪದ್ಧತಿ ಮುರಿದದ್ದು ಒಂದೇ ಸಲ. ಅದೂ ಮನೆಯವರ ಗಾಡಿಗೆ. ಪರರ ಗಾಡಿಗೆ ಪ್ರಾಣ ಕೊಡುವವನು ಮನೆಯವರ ಗಾಡಿಗೆ "ಆಮೇಲೆ ನೋಡೋಣ" ಎನ್ನುವುದು ಈ ಕಸುಬಿನ ಹಳೆಯ ರೋಗ.

ಅವನಿಗೆ ಇದ್ದವಳು ಒಬ್ಬಳೇ ಅಕ್ಕ. ಅಮ್ಮ ತೀರಿಕೊಂಡಾಗ ಅವನಿಗೆ ಏಳು, ಅವಳಿಗೆ ಹದಿನೈದು. ಅವನ ತಲೆ ಬಾಚಿದ್ದು, ಬೆನ್ನಿಗೆ ಗುದ್ದಿದ್ದು, ಮೇಸ್ತ್ರಿಯ ಕೈಕಾಲು ಹಿಡಿದು ಕೆಲಸಕ್ಕೆ ಸೇರಿಸಿದ್ದು ಎಲ್ಲ ಅವಳೇ. ಇವನು ಮದುವೆಯಾಗಲಿಲ್ಲ, ಶೆಡ್ಡಿನ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ, ಮಧ್ಯಾಹ್ನದ ಊಟ ಮಾತ್ರ ಅಕ್ಕನ ಮನೆಯಲ್ಲೇ. ಭಾವ ಪಿಕಪ್ಪಿನಲ್ಲಿ ಐಸು, ಮೀನು ಸಾಗಿಸುತ್ತಿದ್ದ. ನಗುಮುಖದ ಮನುಷ್ಯ. "ನಿನ್ನ ಕೈಯೂ ಉಪ್ಪು, ನನ್ನ ಗಾಡೀನೂ ಉಪ್ಪು. ಇನ್ನು ನಿಮ್ಮಕ್ಕನ ಅಡುಗೆಗೆ ಬೇರೆ ಉಪ್ಪು ಯಾಕೆ ಬೇಕು ಹೇಳು?" ಎನ್ನುತ್ತಿದ್ದ. ಅಕ್ಕ ಒಳಗಿನಿಂದಲೇ ಸೌಟು ತೋರಿಸುತ್ತಿದ್ದಳು.

ಹದಿನಾಲ್ಕು ವರ್ಷದ ಹಿಂದೆ ಒಂದು ಶನಿವಾರ ಭಾವ ಗಾಡಿ ತಂದ. ಚಾಲಕನ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ಪಟ್ಟಿ, ಉಪ್ಪಣ್ಣ ಅದನ್ನು ಹೊಸ್ತಿಲು ಎನ್ನುತ್ತಿದ್ದ, ಪೂರಾ ತಿಂದುಹೋಗಿತ್ತು. ಸೀಟ್ ಬೆಲ್ಟಿನ ಕೆಳತುದಿಯ ಬೋಲ್ಟು ಕೂರುವುದು ಅದರ ಹಿಂದಿನ ಮೂಲೆಯಲ್ಲೇ. ಮೂರು ದಿನದ ಕೆಲಸ. ಸೋಮವಾರ ಬೆಳಿಗ್ಗೆ ಗಾಡಿ ಬೇಕೇಬೇಕು ಎಂದು ಭಾವ ಕೂತ. ಉಪ್ಪಣ್ಣ ಭಾನುವಾರವೂ ದುಡಿದು ಹಳೆಯದನ್ನು ಕತ್ತರಿಸಿದ, ಹೊಸ ತಗಡನ್ನು ಹದವಾಗಿ ಬಗ್ಗಿಸಿದ, ಉಜ್ಜಿ ಕನ್ನಡಿ ಮಾಡಿದ. ಅಷ್ಟರಲ್ಲಿ ಸತುವಿನ ಪ್ರೈಮರ್ ಡಬ್ಬಿ ತಳ ಕಂಡಿತ್ತು, ಅಂಗಡಿಗೆ ರಜೆ. ಬಲಗೈಯ ಕೈಗವಸು ಹರಿದಿತ್ತು.

"ಭಾವ, ಒಳಗೆ ಏನೂ ಬಳಿದಿಲ್ಲ. ಒಂದಿನ ಬಿಡಿ."

"ಮೇಲೆ ಬಣ್ಣ ಹೊಡೀತೀಯ ತಾನೆ?"

"ಮೇಲೆ ಹೊಡೀತೀನಿ. ಒಳಗಿಂದು ಹೇಳ್ತಿರೋದು. ಬಂದು ನೋಡಿ ಒಂದ್ಸಲ."

"ನಿನ್ನ ಕೈ ಅಂದಮೇಲೆ ನಾನೇನು ನೋಡೋದು? ಮುಚ್ಚಪ್ಪ. ಮುಂದಿನ ವಾರ ತಂದು ಬಿಡ್ತೀನಿ, ಅದೇನು ಮೇಣ ಹೊಡೀತೀಯೋ ಹೊಡಿ."

ಉಪ್ಪಣ್ಣ ಮುಚ್ಚಿದ. ಮುಂದಿನ ವಾರದ ತನಕ ಬೆತ್ತಲೆ ತಗಡಿಗೆ ಉಪ್ಪುನೀರು ತಾಗದಿರಲಿ ಎಂದು ಒಂದು ಉಪಾಯವನ್ನೂ ಮಾಡಿದ. ಕೈ ಒರೆಸಲು ಅಕ್ಕ ಕೊಟ್ಟಿದ್ದ, ಮಗಳ ಹಳೆಯ ಹಳದಿ ಲಂಗದ ಚೂರುಗಳನ್ನು ಹೊಸೆದು ಅಡಿಯ ನಾಲ್ಕು ತೂತಿಗೂ ಗಿಡಿದ. ಏಳು ದಿನದ ಮಾತು ಎಂದುಕೊಂಡ.

ಆ ಮುಂದಿನ ವಾರ ಬರಲೇ ಇಲ್ಲ. ಮೊದಮೊದಲು ಊಟಕ್ಕೆ ಕೂತಾಗಲೆಲ್ಲ "ಭಾವ, ಮೇಣ" ಎನ್ನುತ್ತಿದ್ದ. "ಬರ್ತೀನಿ ಬಿಡಪ್ಪ, ಎಲ್ಲಿ ಓಡಿಹೋಗ್ತೀನಿ" ಎನ್ನುತ್ತಿದ್ದ ಭಾವ. ಬರಬರುತ್ತ ಅದು ಮನೆಯ ತಮಾಷೆಯಾಯಿತು. ಆಗದ ಕೆಲಸಕ್ಕೆಲ್ಲ ಅಕ್ಕ "ಅದು ಮೇಣ ಹೊಡೆದ ಹಾಗೆ" ಎನ್ನತೊಡಗಿದಳು. ಎಲ್ಲರೂ ನಕ್ಕರು, ಉಪ್ಪಣ್ಣನೂ ನಕ್ಕ. ನಾಳೆ ಎಂದವನ ಮನೆ ಹಾಳು ಎನ್ನುವ ಗಾದೆ ಎಲ್ಲರಿಗೂ ಗೊತ್ತು, ಆದರೆ ಹಾಳಾಗುವುದು ಎಂದವನ ಮನೆಯೇ ಆಗಬೇಕೆಂದಿಲ್ಲ. ಎರಡನೆಯ ವರ್ಷಕ್ಕೆ ತೂತಿನಲ್ಲಿ ಬಟ್ಟೆ ಇದೆ ಎನ್ನುವುದೇ ಅವನಿಗೆ ಮರೆತುಹೋಯಿತು.

ಆರು ವರ್ಷ ಕಳೆದ ಮೇಲೆ ಒಂದು ದಿನ, ಬೆಳಗಿನ ಮೊದಲ ಲೋಡು ಹೊತ್ತು ಹೊರಟ ಭಾವ, ತಿರುವಿನಲ್ಲಿ ಅಡ್ಡ ಬಂದ ಕೈಗಾಡಿಯನ್ನು ತಪ್ಪಿಸಲು ಹೋಗಿ ಐಸ್ ಕಾರ್ಖಾನೆಯ ಗೋಡೆಗೆ ಗುದ್ದಿದ. ದೊಡ್ಡ ವೇಗವೇನೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹಮಾಲಿಗೆ ಹಲ್ಲೊಂದು ಹೋಯಿತು, ಅಷ್ಟೆ. ಭಾವ ಮಾತ್ರ ಮುಂದಿನ ಗಾಜು ಒಡೆದುಕೊಂಡು ಹೊರಗೆ ಬಿದ್ದ. ಉಪ್ಪಣ್ಣ ಓಡಿ ಹೋಗುವಷ್ಟರಲ್ಲಿ ಯಾರೋ ಮುಖದ ಮೇಲೆ ಟವೆಲು ಹಾಕಿದ್ದರು. ಬೆಲ್ಟು ಹಾಕಿರಲಿಲ್ಲ ಎಂದು ಪೊಲೀಸರು ಬರೆದುಕೊಂಡರು. ಗಾಜಿನಾಚೆ ಬಿದ್ದವನ ಬಗ್ಗೆ ಬೇರೇನು ಬರೆಯುತ್ತಾರೆ?

ಅಕ್ಕ ಅಳಲಿಲ್ಲ, ಸಿಟ್ಟಾದಳು. ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಬೆಲ್ಟು" ಎಂದು ಕೂಗಿದವಳು ಅವಳು. "ಹೂಂ ಹೂಂ" ಎನ್ನುತ್ತ ಹೋದವನು ಅವನು. ಫೋಟೋದ ಮುಂದೆ ನಿಂತು ಬೈದಳು, ಬಂದವರ ಮುಂದೆ ಬೈದಳು, ಹದಿನೈದು ವರ್ಷದ ಮಗಳ ಮುಂದೆ ಬೈದಳು. "ಹೂಂ ಅಂತ ನನ್ನ ಬಾಯಿ ಮುಚ್ಚಿಸಿ ಹೋದ್ರಲ್ಲ, ಒಂದು ಕೊಂಡಿ ಸಿಕ್ಕಿಸೋಕೆ ಆಗ್ಲಿಲ್ವಾ?" ಸಿಟ್ಟೇ ಅವಳನ್ನು ಎಬ್ಬಿಸಿ ಓಡಾಡಿಸಿತು. ಗಾಡಿಗಳ ಮೇಲೆ ಹೊದಿಸುವ ಟಾರ್ಪಾಲು ಹೊಲಿಯುತ್ತಿದ್ದವಳು ಇನ್ನಷ್ಟು ಹೊಲಿದಳು. ಮೂರು ತಿಂಗಳ ಮೇಲೆ ಠಾಣೆಯಿಂದ ಪಿಕಪ್ಪು ಬಿಟ್ಟರು. "ಓಡೋ ಹಾಗೆ ಮಾಡಿಕೊಡು. ಲೈಸೆನ್ಸ್ ನಂಗೂ ಇದೆ, ನಾನೇ ಓಡಿಸ್ತೀನಿ" ಎಂದು ತಮ್ಮನ ಶೆಡ್ಡಿಗೆ ಎಳೆಸಿದಳು.

ಉಪ್ಪಣ್ಣ ಕೆಲಸಕ್ಕೆ ಕೈಹಾಕಿದ್ದು ಒಂದು ಮಂಗಳವಾರ ಬೆಳಿಗ್ಗೆ. ಹೊರಗೆ ನೋಡಲು ಹೊಸ್ತಿಲು ಚೆನ್ನಾಗಿಯೇ ಇತ್ತು, ಆರು ವರ್ಷದ ಹಿಂದಿನ ಅವನದೇ ಬಣ್ಣ. ಮುಂದಕ್ಕೆ ವಾಲಿ ಸಿಕ್ಕಿಕೊಂಡಿದ್ದ ಸೀಟನ್ನು ಬಿಚ್ಚಿ ಎತ್ತಿದ. ಕೆಳಗೆ ಬೆಲ್ಟು ಸುತ್ತಿಕೊಂಡು ಬಿದ್ದಿತ್ತು. ಅದರ ನಾಲಿಗೆ ಕೊಂಡಿಯನ್ನು ಕಚ್ಚಿಕೊಂಡೇ ಇತ್ತು. ಎಳೆದು ನೋಡಿದ, ಬಿಡಲಿಲ್ಲ. ಇನ್ನೊಂದು ತುದಿ ಹಿಡಿದೆತ್ತಿದರೆ ಬೋಲ್ಟು ನೇತಾಡುತ್ತ ಬಂತು. ಬೋಲ್ಟಿನ ಸುತ್ತ ಅಂಗೈಯಗಲದ ತಗಡು, ಅಂಚೆಲ್ಲ ಕಿತ್ತುಹೋಗಿ, ಬೆರಳಲ್ಲಿ ಒತ್ತಿದರೆ ಹೊಟ್ಟಿನಂತೆ ಉದುರುತ್ತಿತ್ತು.

ಅವನಿಗೆ ಅರ್ಥವಾಯಿತು. ಅರ್ಥವಾಗಿದ್ದನ್ನು ಒಪ್ಪಲಾಗದೆ ಗ್ರೈಂಡರ್ ಹಿಡಿದು ಹೊಸ್ತಿಲನ್ನು ಉದ್ದಕ್ಕೆ ಸೀಳಿದ. ಹಿಂದಿನ ಅರ್ಧ ಬರಿ ಕೆಂಪು ಕೆಸರು. ಅಡಿಯ ನಾಲ್ಕು ತೂತುಗಳಲ್ಲೂ ಬಟ್ಟೆ ಕೂತಿತ್ತು. ಎಲ್ಲಿಂದಲೋ ಜಿನುಗಿದ ನೀರು ಆರು ವರ್ಷ ಹೊರಹೋಗದೆ ನಿಂತು ತಿಂದಿತ್ತು. ಒಂದು ಚೂರನ್ನು ಚಿಮ್ಮಟದಿಂದ ಎಳೆದು ಉಗುರಿನಲ್ಲಿ ಕೆರೆದ. ಹಳದಿ ಕಂಡಿತು. ನೀರು ಮುಟ್ಟದ ಮುಂದಿನ ಅರ್ಧದಲ್ಲಿ ತಗಡು ಇನ್ನೂ ಗಟ್ಟಿಯಿತ್ತು. ಅದರ ಒಳಮೈಯಲ್ಲಿ ನಾಲ್ಕು ಬೆರಳು, ಒಂದು ಹೆಬ್ಬೆರಳು, ಕಂದಾಗಿ, ಆಳವಾಗಿ ಮೂಡಿದ್ದವು. ಹರಿದ ಕೈಗವಸಿನ ಬಲಗೈ. ಅವನು ಕೈ ಚಾಚಿ ಅದರ ಮೇಲಿಟ್ಟು ನೋಡಿದ, ಸರಿಯಾಗಿ ಕೂತಿತು.

ಅವತ್ತು ಊಟಕ್ಕೆ ಹೋಗಲಿಲ್ಲ. ಸೀಳಿದ ಹೊಸ್ತಿಲನ್ನು ಗುಜರಿ ರಾಶಿಯ ಅಡಿಗೆ ತಳ್ಳಿದ. ಶುಕ್ರವಾರ ಗುಜರಿಯವನು ಬರುತ್ತಾನೆ, ಎತ್ತಿಕೊಂಡು ಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ನೋಡಿದವರಿಲ್ಲ, ಕೇಳುವವರಿಲ್ಲ. ಭಾವನಂತೂ ಎದ್ದು ಬರುವುದಿಲ್ಲ. ಅಕ್ಕನಿಗೆ ಹೇಳಿ ಆಗುವುದಾದರೂ ಏನು, ಗಂಡನ ಜೊತೆ ತಮ್ಮನನ್ನೂ ಕಳೆದುಕೊಳ್ಳುತ್ತಾಳೆ. ಹೀಗೆಲ್ಲ ತನಗೆ ತಾನೇ ವಕೀಲನಾಗಿ ಎರಡು ದಿನ ವಾದಿಸಿದ. ಭಯ ಎನ್ನುವ ಒಂದು ಮಾತನ್ನು ಮಾತ್ರ ವಾದದಲ್ಲಿ ಸೇರಿಸಲಿಲ್ಲ. ಅವನಿಗೆ ಭಯವಾಗಿತ್ತು, ಏಳು ವರ್ಷದವನಿಗೆ ಆಗುವಂಥ ಭಯ, ಅಕ್ಕ ಕೈ ಬಿಟ್ಟಾಳೆಂಬ ಭಯ.

ಗುರುವಾರ ಸಂಜೆ ಅಕ್ಕನ ಮಗಳು ಶಾಲೆಯಿಂದ ನೇರವಾಗಿ ಶೆಡ್ಡಿಗೆ ಬಂದಳು. ಗಾಡಿಯ ಖಾನೆಯಲ್ಲಿ ಅಪ್ಪನ ಕನ್ನಡಕ ಇದೆಯಾ ಎಂದು ಕೇಳಿದಳು. ಉಪ್ಪಣ್ಣ ಹುಡುಕಿ ಕೊಟ್ಟ. ಅವಳು ಅದನ್ನು ಲಂಗದ ಅಂಚಿನಲ್ಲಿ ಒರೆಸುತ್ತ ನಿಂತಳು.

"ಮಾವ, ಬೆಲ್ಟ್ ಹಾಕ್ಕೊಳ್ಳೋಕೆ ಎಷ್ಟು ಹೊತ್ತು ಬೇಕು?"

"ಎಷ್ಟು ಹೊತ್ತೇನು. ಒಂದು ಗಳಿಗೆ."

"ಅಷ್ಟೇ ಅಲ್ವಾ? ನಮಗೋಸ್ಕರ ಅಷ್ಟೂ ಮಾಡ್ಲಿಲ್ಲ ಅಪ್ಪ. ಅಮ್ಮ ಸುಮ್ಮನೆ ಬೈಯಲ್ಲ. ನಾವು ಬೇಕು ಅನ್ನಿಸಿದ್ರೆ ಹಾಕ್ಕೋತಿದ್ರು."

ಅಳುತ್ತ ಹೇಳಿದ್ದರೆ ಅವನು ಹೇಗೋ ಸಮಾಧಾನ ಮಾಡಿ ಕಳಿಸುತ್ತಿದ್ದ. ಅವಳು ಲೆಕ್ಕದ ಉತ್ತರ ಹೇಳುವಂತೆ ತಣ್ಣಗೆ ಹೇಳಿ ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಗುಜರಿ ರಾಶಿ ಅವನ ಬೆನ್ನ ಹಿಂದೆಯೇ ಇತ್ತು. ಮುಚ್ಚೋನು ಟಿಂಕರ್, ಮುಚ್ಚಿಡೋನು ಕಳ್ಳ. ಆ ಮುದುಕ ಇದನ್ನೇಕೆ ಅಷ್ಟು ಸಲ ಹೇಳುತ್ತಿದ್ದನೋ, ಅವನ ಹೊಟ್ಟೆಯಲ್ಲೂ ಯಾವುದೋ ಹೊಸ್ತಿಲು ಇತ್ತೇನೋ.

ಮರುದಿನ ಗುಜರಿಯವನು ಬಂದು ಆ ಸೀಳನ್ನು ಎಳೆದು ಅಲ್ಲಾಡಿಸಿದ. "ಉಪ್ಪಣ್ಣ, ಇದರಲ್ಲಿ ಕಬ್ಬಿಣ ಎಲ್ಲಿದೆ? ಬರೀ ಪುಡಿ. ಯಾವ ಬೇವರ್ಸಿ ಮಾಡಿದ ಕೆಲಸ ಇದು?"

"ಅದು ಇರ್ಲಿ, ಬಿಡು. ಅದು ನಂದು" ಎಂದ ಉಪ್ಪಣ್ಣ.

ಬೆಲ್ಟಿನ ಕೊಂಡಿ, ಬೋಲ್ಟು, ಬೆರಳು ಮೂಡಿದ ತಗಡು, ಹಳದಿ ಬಟ್ಟೆ, ಎಲ್ಲವನ್ನೂ ಒಂದು ಗೋಣಿಯಲ್ಲಿ ಸುತ್ತಿಕೊಂಡು ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮನೆಗೆ ಹೋದ. ಮುಂದಿನ ಕೋಣೆಯಲ್ಲಿ ನೀಲಿ ಟಾರ್ಪಾಲು ನೆಲವೆಲ್ಲ ಹರಡಿತ್ತು. ಅಕ್ಕ ಮಿಷನ್ನಿನ ಮುಂದೆ ಇದ್ದಳು.

"ಮೂರು ದಿನದಿಂದ ಎಲ್ಲಿ ಹಾಳಾಗಿ ಹೋಗಿದ್ದೆ? ತಟ್ಟೆ ತಗೋ" ಎಂದಳು, ತಲೆ ಎತ್ತದೆ.

"ಊಟ ಬೇಡ ಅಕ್ಕ. ಭಾವ ಬೆಲ್ಟ್ ಹಾಕ್ಕೊಂಡಿದ್ರು."

ಅವಳು ಅಂಗೈಯಿಂದ ಚಕ್ರ ಹಿಡಿದು ನಿಲ್ಲಿಸಿದಳು. ಅವನು ಗೋಣಿ ಬಿಚ್ಚಿ ಒಂದೊಂದನ್ನೇ ಟಾರ್ಪಾಲಿನ ಮೇಲಿಟ್ಟ. ಕೊಂಡಿ ಕಚ್ಚಿಕೊಂಡಿರುವುದನ್ನು ತೋರಿಸಿದ. ಬೋಲ್ಟು ಯಾಕೆ ಕಿತ್ತುಬಂತು ಎಂದು ಹೇಳಿದ. ಪ್ರೈಮರ್ ಇಲ್ಲದ್ದು, ಮೇಣ ಹೊಡೆಯದ್ದು, ತೂತಿಗೆ ಬಟ್ಟೆ ಗಿಡಿದದ್ದು, ಗಿಡಿದು ಮರೆತದ್ದು, ಒಂದನ್ನೂ ಬಿಡದೆ ಹೇಳಿದ. ಭಾವ ಅವಸರ ಮಾಡಿದ್ದನ್ನು ಮಾತ್ರ ಹೇಳಲಿಲ್ಲ. ಬೆರಳು ಮೂಡಿದ ತಗಡನ್ನು ಕೊನೆಗಿಟ್ಟು, "ಇದು ನನ್ನ ಕೈ" ಎಂದ.

ಅಕ್ಕ ಕೊಂಡಿಯನ್ನು ಕೈಗೆತ್ತಿಕೊಂಡಳು. ಒತ್ತಿದಳು, ಎಳೆದಳು, ಬಿಡಲಿಲ್ಲ. ಆಮೇಲೆ, ಶಾಲೆಯಿಂದ ಊಟಕ್ಕೆ ಬಂದಿದ್ದ ಮಗಳನ್ನು ಕೂಗಿದಳು. ಮಗಳು ಬಂದು ಬಾಗಿಲಲ್ಲಿ ನಿಂತಳು.

"ಅಪ್ಪ ಹಾಕ್ಕೊಂಡಿದ್ರಂತೆ ಕಣೇ. ನೋಡಿಲ್ಲಿ. ಹಾಕ್ಕೊಂಡೇ ಇದ್ರು."

ಇಷ್ಟು ಹೇಳಿ ಅವಳು ಕುಸಿದುಬಿದ್ದಳು. ಮೂರು ತಿಂಗಳು ಹಿಡಿದಿಟ್ಟದ್ದೆಲ್ಲ ಒಮ್ಮೆಗೇ ಬಂತು. "ಬೈದೆ ಕಣೇ, ದಿನಾ ಬೈದೆ, ಮಣ್ಣು ಹಾಕುವಾಗಲೂ ಬೈದೆ, ಹೂಂ ಅಂದಿದ್ದು ನಿಜಾನೇ ಆಗಿತ್ತಲ್ಲೇ" ಎಂದು ನೆಲಕ್ಕೆ ಹಣೆ ಹಚ್ಚಿ ಅತ್ತಳು. ಮಗಳು ಅವಳನ್ನು ತಬ್ಬಿಕೊಂಡಳು. ಉಪ್ಪಣ್ಣ ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಡಲು ಬಗ್ಗಿದ. ಅಕ್ಕ ಮುಖ ಎತ್ತಲಿಲ್ಲ.

"ಮುಟ್ಬೇಡ" ಎಂದಳು. "ನೀನು ಹೋಗು."

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಅವನು ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದ, ಏಟಿಗೂ ಸಿದ್ಧನಾಗಿದ್ದ. ಒಂದು ಬೈಗುಳವನ್ನೂ ಅವಳು ಅವನಿಗೆಂದು ಉಳಿಸಿರಲಿಲ್ಲ. ಎಲ್ಲವನ್ನೂ ಸತ್ತವನ ಮೇಲೆ ಖರ್ಚು ಮಾಡಿಬಿಟ್ಟಿದ್ದಳು.

ನಾಲ್ಕು ದಿನ ಬಿಟ್ಟು ಮಗಳು ಶೆಡ್ಡಿನ ಬಾಗಿಲಿಗೆ ಬಂದಳು, ಒಳಗೆ ಕಾಲಿಡಲಿಲ್ಲ. "ಗಾಡಿ ನೀನೇ ಮಾಡಬೇಕಂತೆ. ಮುಚ್ಚೋ ಮುಂಚೆ ಹೇಳಿಕಳಿಸಬೇಕಂತೆ, ಅಮ್ಮ ಬಂದು ನೋಡ್ತಾಳಂತೆ."

ಉಪ್ಪಣ್ಣ ಹನ್ನೊಂದು ದಿನ ಆ ಒಂದೇ ಗಾಡಿಯ ಮೇಲೆ ಕೂತ. ಕೊಳೆತದ್ದನ್ನು ಕತ್ತರಿಸುತ್ತ ಹೋಗಿ, ಗಟ್ಟಿ ಲೋಹ ಸಿಕ್ಕ ಮೇಲೂ ನಾಲ್ಕು ಬೆರಳು ಮುಂದಕ್ಕೆ ಕತ್ತರಿಸಿದ. ಎರಡು ಜೊತೆ ಕೈಗವಸು, ಒಂದರ ಮೇಲೊಂದು. ಹೊಸ ತಗಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ, ಎರಡೂ ಮುಖಕ್ಕೆ ಸತು ಬಳಿದ, ಒಣಗುವ ತನಕ ಪಕ್ಕದಲ್ಲೇ ಕಾದ. ಬೆಲ್ಟಿನ ಬೋಲ್ಟಿಗೆ ಕಂಪನಿ ಕೊಟ್ಟದ್ದಕ್ಕಿಂತ ದಪ್ಪನೆಯ ಹಲಗೆ ಬೆಸೆದ. ಸುಟ್ಟ ಚುಕ್ಕೆಗಳನ್ನೆಲ್ಲ ಕೆರೆದು ಮತ್ತೆ ಬಳಿದ, ಸಂದುಗಳಿಗೆ ಅಂಟು ಎಳೆದ. ಕೊನೆಯ ತಗಡೊಂದನ್ನು ಕೂರಿಸದೆ ಬಿಟ್ಟು, ಹೇಳಿಕಳಿಸಿದ.

ಅಕ್ಕ ಬೆಳಿಗ್ಗೆ ಹತ್ತಕ್ಕೆ ಬಂದಳು. ಅವನ ಮುಖ ನೋಡಲಿಲ್ಲ. ಅವನು ಚಾಚಿದ ಟಾರ್ಚನ್ನು ಅವನ ಬೆರಳು ತಾಗದಂತೆ ತುದಿಯಲ್ಲಿ ಹಿಡಿದು ತೆಗೆದುಕೊಂಡಳು. "ಒಳಗೆ ನೋಡಿ" ಎಂದು ಅವನು ಹೇಳುವುದಕ್ಕೂ ಕಾಯದೆ, ಅವಳೇ ನೆಲದ ಮೇಲೆ ಮಂಡಿಯೂರಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳಕು ಹಾಯಿಸಿದಳು. ಬಾಟಲಿಯಲ್ಲಿ ನೀರು ತಂದಿದ್ದಳು. ಅದನ್ನು ಒಳಗೆ ಸುರಿದು, ಬಗ್ಗಿ, ನಾಲ್ಕು ತೂತಿನಿಂದಲೂ ನೀರು ಇಳಿಯುವುದನ್ನು ನೋಡಿದಳು. ಒಂದೊಂದು ತೂತಿಗೂ ಕಿರುಬೆರಳು ತೂರಿಸಿ ನೋಡಿದಳು. ಬೋಲ್ಟಿಗೆ ಬೆಲ್ಟು ಸಿಕ್ಕಿಸಿ, ಕಾಲು ಒತ್ತಿ, ಮೈಭಾರವೆಲ್ಲ ಬಿಟ್ಟು ಎಳೆದಳು. ಎಲ್ಲ ಆದ ಮೇಲೆ ಎದ್ದು ಮಂಡಿಯ ಧೂಳು ಕೊಡವಿದಳು.

"ಮುಚ್ಚು" ಎಂದಳು.

ನೀರೆಲ್ಲ ಆರಿದ ಮೇಲೆ ಉಪ್ಪಣ್ಣ ಮುಚ್ಚಿದ. ಸುಟ್ಟಲ್ಲಿ ಬಳಿದು, ಮೇಣ ಹೊಡೆದು, ಬಣ್ಣ ಹಚ್ಚಿ ಮೂರನೆಯ ದಿನ ಗಾಡಿ ಕಳಿಸಿದ. ಈಗಲೂ ಬೆಳಗಿನ ಮೊದಲ ಲೋಡು ಹೊತ್ತ ಆ ಪಿಕಪ್ಪು ಅವನ ಶೆಡ್ಡಿನ ಮುಂದೆಯೇ ಹೋಗುತ್ತದೆ. ಅಕ್ಕ ಬೆಲ್ಟು ಹಾಕಿಕೊಂಡು ನೇರವಾಗಿ ರಸ್ತೆ ನೋಡುತ್ತ ಓಡಿಸುತ್ತಾಳೆ. ಅವನು ಬಾಗಿಲಲ್ಲಿ ನಿಂತು ಹೊಸ್ತಿಲಿನ ಅಡಿಯಿಂದ ನೀರು ತೊಟ್ಟಿಕ್ಕುತ್ತಿದೆಯೇ ಎಂದು ನೋಡುತ್ತಾನೆ. ತೊಟ್ಟಿಕ್ಕುತ್ತಿರುತ್ತದೆ. ಅದಾಗಿ ಎಂಟು ವರ್ಷವಾಯಿತು. ಅಕ್ಕ ಅವನ ಹತ್ತಿರ ಆಡಿದ ಕೊನೆಯ ಮಾತು ಆ "ಮುಚ್ಚು" ಎನ್ನುವುದೇ.